ಠಾಣೆಗೆ, ಕೋರ್ಟಿಗೆ ಬರುವ ನಾಯಿ: ತಯಾರಿ ಹೀಗಿರಲಿ

ಅಮೆರಿಕದ ಸಿಯಾಟಲ್‌ನಲ್ಲಿ ಸರ್ಕಾರಿ ವಕೀಲೆಯಾಗಿದ್ದ ಎಲೆನ್ ಓನೀಲ್ ಸ್ಟೀಫನ್ಸ್ 2003ರಲ್ಲಿ ಜೀಟರ್ ಎಂಬ ನಾಯಿಯನ್ನು ಕೆಲಸಕ್ಕೆ ಕರೆತರಲು ಶುರು ಮಾಡಿದರು. ಅದು ಅವರ ಮಗನ ನೆರವಿಗೆಂದು ಪಳಗಿದ ನಾಯಿ. ಹೇಳಿಕೆ ಕೊಡಲು ಬಂದು ಹೆದರಿ ಮುದುಡಿದ್ದ ಮಕ್ಕಳು ಅದರ ಪಕ್ಕ ಕೂತು ಮಾತಾಡಿದರು. ಈಗ ಅಲ್ಲಿನ ಹಲವು ರಾಜ್ಯಗಳಲ್ಲಿ ಇಂಥ ನಾಯಿಗಳಿವೆ. ಬ್ರಿಟನ್ನಿನಲ್ಲಿ 'ಓಕೆ9' ಹೆಸರಿನ ನಾಯಿಗಳು ಪೊಲೀಸರನ್ನೇ ಸಂತೈಸಲು ಠಾಣೆಗಳಿಗೆ ಹೋಗುತ್ತವೆ. ಇದನ್ನು ಸರಿಯಾಗಿ ಮಾಡುವುದು ಹೇಗೆ?

ನಾಯಿಯ ಆಯ್ಕೆ

ಶ್ವಾನದಳದ ಚುರುಕು ಇಲ್ಲಿ ಬೇಡ. ಗಂಟೆಗಟ್ಟಲೆ ಸುಮ್ನೆ ಮಲಗುವ ನಾಯಿ ಬೇಕು. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ಜಾಸ್ತಿ ಕಾಣಸಿಗುತ್ತವೆ, ಆದರೆ ತಳಿಗಿಂತ ಸ್ವಭಾವ ನೋಡಿ. ಸ್ವಲ್ಪ ದೂರದಲ್ಲಿ ಒಂದು ಪಾತ್ರೆ ಬೀಳಿಸಿ. ಬೆಚ್ಚಿದರೂ ಬೇಗ ಸುಧಾರಿಸಿಕೊಂಡು ಮೂಸಲು ಬಂದರೆ ಒಳ್ಳೆಯದು. ಮಂಚದಡಿ ಸೇರಿ ಹೊರಗೇ ಬಾರದಿದ್ದರೆ ಈ ಕೆಲಸಕ್ಕೆ ಎಳೆಯಬೇಡಿ. ವರ್ಷ ತುಂಬಿರಲಿ, ಲಸಿಕೆ ಎಲ್ಲ ಆಗಿರಲಿ. ಠಾಣೆಯ ಭೇಟಿಗೆ ಒಳ್ಳೆಯ ತರಬೇತಿ ಪಡೆದ ಸಾಕುನಾಯಿ ಸಾಕು. ಕೋರ್ಟಿಗಾದರೆ ವೃತ್ತಿಪರರು ಪಳಗಿಸಿದ ನಾಯಿಯೇ ಆಗಬೇಕು.

ಠಾಣೆಯಲ್ಲಿ

ಯಾರಿಗೆ ನಾಯಿ ಭಯ, ಯಾರಿಗೆ ಅಲರ್ಜಿ ಎಂದು ಮೊದಲೇ ಕೇಳಿ. ಪ್ರತ್ಯೇಕ ಕೋಣೆಯಲ್ಲಿ ಕೂರಿ, ಬೇಕಾದವರು ಬರಲಿ. ನಾಯಿ, ಬೆಕ್ಕುಗಳನ್ನು ಹತ್ತೇ ನಿಮಿಷ ಸವರಿದ ವಿದ್ಯಾರ್ಥಿಗಳಲ್ಲಿ ಒತ್ತಡದ ಹಾರ್ಮೋನ್ ಆದ ಕಾರ್ಟಿಸೋಲ್ ಇಳಿದಿದ್ದನ್ನು ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ವರದಿ ಮಾಡಿದರು. ಅಪಘಾತದ ಜಾಗದಿಂದ ಬಂದ ಪೇದೆಗೆ 'ಹೇಗಿದ್ದೀರಿ?' ಎಂದರೆ 'ಚೆನ್ನಾಗಿದ್ದೀನಿ ಸಾರ್' ಅಂತಲೇ ಉತ್ತರ ಬರುತ್ತದೆ, ಅಲ್ವಾ? ನಾಯಿಯ ಕಿವಿ ಸವರುತ್ತಾ ಕೂತಾಗ ಕೆಲವೊಮ್ಮೆ ಮಾತು ತಾನಾಗಿ ಬರುತ್ತದೆ. ಆಗ ಹ್ಯಾಂಡ್ಲರ್ (ನಾಯಿಯನ್ನು ಕರೆತಂದು ನೋಡಿಕೊಳ್ಳುವವರು) ಕೇಳಿಸಿಕೊಳ್ಳಬೇಕು, ಬುದ್ಧಿ ಹೇಳಬಾರದು. ಆಪ್ತಸಲಹೆ ಬೇಕಾದವರಿಗೆ ಆ ದಾರಿ ತೋರಿಸಿ. ನಾಯಿ ಅದಕ್ಕೆ ಬದಲಿಯಲ್ಲ.

ಮಗು ಹೇಳಿಕೆ ಕೊಡುವಾಗ

ನಾಯಿ ಬೇಕಾ ಎಂದು ಮಗುವನ್ನೇ ಕೇಳಿ. ಬೇಡ ಅಂದರೆ ಬೇಡ. 'ಎಲ್ಲ ಹೇಳಿದರೆ ನಾಯಿ ಜೊತೆ ಆಡಬಹುದು' ಎಂಬ ಆಮಿಷ ಮಾತ್ರ ಒಡ್ಡಲೇಬಾರದು. ಹಾಗೆ ಮಾಡಿದರೆ ಮಗುವಿಗೂ ಅನ್ಯಾಯ, ಹೇಳಿಕೆಯ ಮೇಲೂ ಅನುಮಾನ. ನಾಯಿ ಪಕ್ಕದಲ್ಲಿ ಮಲಗಿರಲಿ, ಅಷ್ಟೇ.

ಕಟಕಟೆಯಲ್ಲಿ

2011ರಲ್ಲಿ ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿಯಲ್ಲಿ 15 ವರ್ಷದ ಹುಡುಗಿ ಸಾಕ್ಷಿ ಹೇಳುವಾಗ ರೋಸಿ ಎಂಬ ಗೋಲ್ಡನ್ ರಿಟ್ರೀವರ್ ಜೊತೆಗಿತ್ತು. ಜ್ಯೂರಿಗಳ (ಅಲ್ಲಿ ತೀರ್ಪು ಹೇಳುವ ಸಾಮಾನ್ಯ ನಾಗರಿಕರ ತಂಡದವರ) ಕನಿಕರ ಇದರಿಂದ ಹುಡುಗಿಯ ಕಡೆ ವಾಲುತ್ತದೆ ಎಂದು ಆರೋಪಿಯ ವಕೀಲರು ಆಕ್ಷೇಪಿಸಿದರು. ಮೇಲ್ಮನವಿಯಲ್ಲೂ ನಾಯಿಗೆ ಕೊಟ್ಟ ಅನುಮತಿ ಉಳಿಯಿತು. ಆದರೂ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಆರೋಪಿಗೂ ನ್ಯಾಯಯುತ ವಿಚಾರಣೆ ಸಿಗಬೇಕು. ಹಾಗಾಗಿ ನ್ಯಾಯಾಧೀಶರ ಅನುಮತಿ ಮೊದಲೇ ಪಡೆಯಬೇಕು. ಜ್ಯೂರಿ ಒಳಗೆ ಬರುವ ಮುಂಚೆಯೇ ನಾಯಿಯನ್ನು ಸಾಕ್ಷಿಯ ಕಾಲ ಬಳಿ, ಕಣ್ಣಿಗೆ ಬೀಳದಂತೆ ಮಲಗಿಸಬೇಕು. ಬೊಗಳುವುದು, ಎದ್ದು ಓಡಾಡುವುದು ನಡೆಯದು.

ನಾಯಿಗೂ ಸುಸ್ತಾಗುತ್ತದೆ

ಇದನ್ನು ಮರೆಯುವವರೇ ಜಾಸ್ತಿ. ಪದೇ ಪದೇ ಆಕಳಿಸುವುದು, ತುಟಿ ನೆಕ್ಕುವುದು, ಮುಖ ತಿರುಗಿಸುವುದು, ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರುವುದು, ಇವೆಲ್ಲ 'ಸಾಕು' ಎನ್ನುವ ಸೂಚನೆ. ಕಂಡ ಕೂಡಲೇ ಹೊರಗೆ ಕರೆದೊಯ್ಯಿರಿ. ದಿನಕ್ಕೆ ಎರಡು ಗಂಟೆ ಮೀರದಿರುವುದು ಒಳ್ಳೆಯದು. ಕೆಲಸ ಮುಗಿದ ಮೇಲೆ ನೀರು ಕೊಡಿ, ಬಯಲಲ್ಲಿ ಓಡಲು ಬಿಡಿ. ಅದೇ ದಿನ ಇನ್ನೊಂದು ಠಾಣೆಯಿಂದ ಕರೆ ಬಂದರೆ, ನಾಳೆ ಬರುತ್ತೇವೆ ಅನ್ನಿ.