ಮಳೆ ಪುಸ್ತಕ ನೋಡಿ ಮನೆ ಹಿಡಿದೆ: ಸೋಮವಾರಪೇಟೆಗೆ ಬಂದ ನನ್ನ ಅನುಭವ

"ಜೂನ್‌ನಲ್ಲಿ ಯಾರಾದ್ರೂ ಸಾಮಾನು ಕಟ್ಕೊಂಡು ಕೊಡಗಿಗೆ ಹೋಗ್ತಾರೇನೋ?" ಅಂತ ಅಮ್ಮ ಕೇಳಿದ್ದರು. ಲಾರಿ ಡ್ರೈವರ್ ಕೂಡ ಅದನ್ನೇ ಕೇಳಿದ. ಟ್ರೆಕ್ಕಿಂಗ್ ಗೆಳೆಯರಂತೂ ಎರಡು ಸಲ ಕೈ ಸುಟ್ಟುಕೊಂಡವನು ಮತ್ತೆ ಯಾಕೆ ಹೊರಟ ಅಂತ ಬೇಸರ ಮಾಡಿಕೊಂಡಿದ್ದರು. ನಾನು ಬೇಕಂತಲೇ ಜೂನ್ ಆರಿಸಿಕೊಂಡಿದ್ದೆ. ಈಗ ಇಲ್ಲಿ ಮೂರನೇ ಮಳೆಗಾಲ ಮುಗಿದಿದೆ. ಕೆಲಸ ನಿಂತಿಲ್ಲ, ಮನೆಯಲ್ಲಿ ಯಾರೂ ವಾಪಸ್ ಹೋಗೋಣ ಅಂದಿಲ್ಲ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲೇ ಕೂತು ಪ್ರತಿ ಶುಕ್ರವಾರ ರಾತ್ರಿ ಬ್ಯಾಗ್ ಹಾಕಿಕೊಂಡು ಟ್ರೆಕ್ಕಿಂಗ್‌ಗೆ ಬಸ್ ಹತ್ತುವ ಸುಖ ಮತ್ತು ಸುಸ್ತು ಎರಡೂ ನಿಮಗೆ ಗೊತ್ತಿದ್ದದ್ದೇ. ನನ್ನ ಕೆಲಸ ಅಂಗಡಿಯವರ ಲೆಕ್ಕ ಬರೆಯುವುದು, ಜಿಎಸ್‌ಟಿ ರಿಟರ್ನ್ ಹಾಕುವುದು. ಲ್ಯಾಪ್‌ಟಾಪ್, ಕರೆಂಟು, ನೆಟ್ ಇದ್ದರೆ ಎಲ್ಲಿ ಬೇಕಾದರೂ ಆಗುತ್ತದೆ. ಆದರೆ ರಿಟರ್ನ್ ಹಾಕುವ ಕೊನೇ ದಿನಗಳಾದ ತಿಂಗಳ 11 ಮತ್ತು 20ನೇ ತಾರೀಕು ಮಾತ್ರ ಕೈ ಕೊಡಬಾರದು.

ಮೊದಲ ಸಲ ಹೋಗಿದ್ದು ಮಡಿಕೇರಿಗೆ. ಅಕ್ಟೋಬರ್‌ನಲ್ಲಿ ಮಹಡಿ ಮನೆ ನೋಡಿದೆವು. ಬಾಡಿಗೆ 14 ಸಾವಿರ, ಅಡ್ವಾನ್ಸ್ ಒಂದು ಲಕ್ಷ. ಐದು ತಿಂಗಳಿಗೆ, ಹೋಮ್‌ಸ್ಟೇ ಮಾಡ್ತೀವಿ ಖಾಲಿ ಮಾಡಿ ಅಂದರು. ಬಣ್ಣ ಬಳಿಯಲು ಅಂತ 18 ಸಾವಿರ ಹಿಡಿದುಕೊಂಡರು. ಅದರ ಬಗ್ಗೆ ಇಷ್ಟು ಸಾಕು.

ಎರಡನೇ ಸಲದ್ದು ವಿವರವಾಗಿ ಹೇಳಬೇಕು. ಪುಷ್ಪಗಿರಿ ಬೆಟ್ಟ ಕಿಟಕಿಯಲ್ಲೇ ಕಾಣುವಂಥ ಮನೆ, ಸೋಮವಾರಪೇಟೆ ತಾಲ್ಲೂಕಿನ ಶಾಂತಳ್ಳಿ ಕಡೆ, ಕಾಫಿ ತೋಟದೊಳಗೆ. ಬಾಡಿಗೆ ಬರೀ 5 ಸಾವಿರ. ನವೆಂಬರ್‌ನಲ್ಲಿ ಹೋದೆವು. ಬೆಳಗ್ಗೆ ಆರಕ್ಕೆ ಎದ್ದು ಓಡಿದರೆ ಎದುರಿಗೆ 1,712 ಮೀಟರಿನ ಬೆಟ್ಟ. ಮಾರ್ಚ್‌ನಲ್ಲಿ ಹೂಮಳೆ ಬಿದ್ದು ಒಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಯಿತು. ಕಾಫಿ ಹೂವಿನ ವಾಸನೆಗೆ ರಾತ್ರಿ ನಿದ್ದೆಯೇ ಬರುತ್ತಿರಲಿಲ್ಲ. ಇನ್ನೇನು ಬೇಕು ಅಲ್ವಾ?

ಜುಲೈ ಬಂತು. 14ರಂದು ಕರೆಂಟು ಹೋಯಿತು. ಟವರಿನ ಡೀಸೆಲ್ ಮುಗಿದು 16ಕ್ಕೆ ನೆಟ್‌ವರ್ಕೂ ಹೋಯಿತು. 19ರ ರಾತ್ರಿಯೂ ಎರಡೂ ಇಲ್ಲ. ಹದಿನೇಳು ಅಂಗಡಿಗಳ ರಿಟರ್ನ್ ಬಾಕಿ ಇತ್ತು. 20ರ ಬೆಳಗ್ಗೆ ಲ್ಯಾಪ್‌ಟಾಪನ್ನು ಮೂರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬೈಕಿನಲ್ಲಿ ಕುಶಾಲನಗರಕ್ಕೆ ಹೋದೆ. ದಾರಿಯಲ್ಲಿ ಎರಡು ಕಡೆ ಮರ ಬಿದ್ದಿತ್ತು. ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೂತು ರಾತ್ರಿ ಎಂಟರವರೆಗೆ ಹದಿನಾಲ್ಕು ಮುಗಿಸಿದೆ. ಉಳಿದ ಮೂರಕ್ಕೆ ದಿನಕ್ಕೆ 50 ರೂಪಾಯಿ ತಡ ಶುಲ್ಕ, ಮೇಲೆ ವರ್ಷಕ್ಕೆ 18 ಪರ್ಸೆಂಟ್ ಲೆಕ್ಕದ ಬಡ್ಡಿ. ಅದನ್ನು ನಾನೇ ಕಟ್ಟಿದೆ. ಆದರೂ ಇಬ್ಬರು ಗಿರಾಕಿಗಳು ಬಿಟ್ಟು ಹೋದರು.

ಕೆಲಸದ ಕಥೆ ಇದಾದರೆ ಮನೆಯೊಳಗೆ ಬೂಷ್ಟು. ಮಗನ ಸ್ಕೂಲ್ ಬ್ಯಾಗಿನ ಪಟ್ಟಿ ಹಸಿರಾಯಿತು. 22 ಸಾವಿರದ ಲೆನ್ಸ್ ಒಳಗೆ ಜೇಡರ ಬಲೆಯ ಹಾಗೆ ಫಂಗಸ್ ಹಬ್ಬಿತು. ಆಗಸ್ಟ್ ಮೊದಲ ವಾರ ಮನೆ ಹಿಂದಿನ ಬರೆ, ಅಂದರೆ ಕಡಿದ ಗುಡ್ಡದ ಗೋಡೆ, ಜಾರಿ, ಬಚ್ಚಲ ಗೋಡೆಯವರೆಗೆ ಕೆಮ್ಮಣ್ಣು ಬಂದು ನಿಂತಿತು. 2018ರಲ್ಲಿ ಹಟ್ಟಿಹೊಳೆ, ಮಕ್ಕಂದೂರು ಕಡೆ ಗುಡ್ಡ ಕುಸಿದು ಏನಾಯಿತು ಅಂತ ಗೊತ್ತಿದ್ದವರು ಅಲ್ಲಿ ಮಲಗುವುದಿಲ್ಲ. ಹೆಂಡತಿ ಒಂದೇ ಮಾತು ಹೇಳಿದಳು: "ರೀ, ಬೆಟ್ಟ ಎಲ್ಲೂ ಹೋಗಲ್ಲ. ಮೊದಲು ನಾವು ಹೋಗೋಣ." ಹೊರಟೆವು. ಎಲ್ಲ ಸೇರಿ ಆ ಸಲ ಒಂದು ಲಕ್ಷದ ಹತ್ತಿರ ನಷ್ಟ.

ಹೊರಡುವ ದಿನ ಪಕ್ಕದ ತೋಟದ ಹಿರಿಯರು ಕಾಫಿಗೆ ಕರೆದರು. ಮೇಜಿನ ಮೇಲೆ ಉದ್ದನೆಯ ಹಳೇ ಲೆಕ್ಕದ ಪುಸ್ತಕವಿತ್ತು. ತೆರೆದು ತೋರಿಸಿದರು. ದಿನದಿನದ ಮಳೆ, ಇಂಚು ಮತ್ತು ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ). ಮೊದಲ ಪುಟಗಳಲ್ಲಿ ಅವರ ತಂದೆಯ ಕೈಬರಹ, ನೀಲಿ ಶಾಯಿ, ಎರಡು ಕಡೆ ನೀರು ಬಿದ್ದು ಹರಡಿತ್ತು. ಆ ವರ್ಷದ ಮೊತ್ತ ಆಗಲೇ 110 ಇಂಚು ದಾಟಿತ್ತು. ನಾನು ಸುಮ್ನೆ ಕೇಳಿದೆ, "ಸೋಮವಾರಪೇಟೆ ಹತ್ತಿರ ಎಷ್ಟು ಬಿದ್ದಿರಬಹುದು ಗೌಡ್ರೇ?" ಅವರು ಅಂದರು, "ಅರ್ಧ. ಶನಿವಾರಸಂತೆ ಕಡೆ ಹೋದ್ರೆ ಅದರಲ್ಲೂ ಅರ್ಧ."

ನನಗೆ ದಾರಿ ಸಿಕ್ಕಿದ್ದು ಅಲ್ಲಿ. ನಾನು ಅಷ್ಟು ದಿನ ಮನೆಯನ್ನು ಕಿಟಕಿಯಿಂದ ಆರಿಸಿದ್ದೆ. ಮಳೆಯಿಂದ ಆರಿಸಬೇಕಿತ್ತು.

ಬೆಂಗಳೂರಿಗೆ ವಾಪಸ್ ಬಂದ ಮೇಲೂ ಭಾನುವಾರಗಳಲ್ಲಿ ಬಂದು ಹನ್ನೊಂದು ತೋಟಗಳ ಮಳೆ ಪುಸ್ತಕ ನೋಡಿದೆ. ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ, ಖುಷಿಯಿಂದ ತೋರಿಸುತ್ತಾರೆ. ಶಾಂತಳ್ಳಿ ಕಡೆ ವರ್ಷಕ್ಕೆ 150 ಇಂಚಿನ ಆಸುಪಾಸು, ಪೇಟೆ ಸುತ್ತ 80, ಉತ್ತರಕ್ಕೆ ಕೊಡ್ಲಿಪೇಟೆ ಕಡೆ 45-50. ಭೂಪಟದ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಎಳೆದೆ. ಪೂರ್ತಿ ಅತ್ತ ಹೋದರೆ ಬೆಟ್ಟ ದೂರವಾಗುತ್ತದೆ. 70ರಿಂದ 80 ಇಂಚಿನ ನಡುವೆ ಒಂದು ಸಣ್ಣ ಪಟ್ಟಿ ಸಿಕ್ಕಿತು. ಅದು ಸರಿಯಾಗಿ ಎಲ್ಲಿ ಅಂತ ಇಲ್ಲಿ ಬರೆಯುವುದಿಲ್ಲ. ಬಾಡಿಗೆ ಮನೆಗಳು ಕಮ್ಮಿ, ಊರಿನವರಿಗೂ ಬೇಕು. ಪುಸ್ತಕ ನೋಡಿದರೆ ನಿಮಗೂ ಸಿಗುತ್ತದೆ.

ಮನೆಯನ್ನು ಜೂನ್‌ನಲ್ಲೇ, ಮಳೆ ಸುರಿಯುವಾಗಲೇ ನೋಡಿದೆ. ಇದನ್ನೇ ಎಲ್ಲರೂ ಬೇಡ ಅಂದಿದ್ದು. ಈಗಿರುವ ಮನೆಯ ಒಡತಿ ಅಜ್ಜಿಯೂ "ಬಿಸಿಲು ಬರ್ಲಿ ತಡಿ ಮಗಾ, ಆಮೇಲೆ ನೋಡು" ಅಂದರು. ಆದರೆ ಮಳೆಯಲ್ಲಿ ನೋಡಿದ್ದಕ್ಕೇ ನಾಲ್ಕು ಮನೆ ಬಿಟ್ಟೆ. ಒಂದರ ಹಿಂದೆ ಹೊಸದಾಗಿ ಕಡಿದ ಬರೆ, ಅದರ ಬುಡದಲ್ಲಿ ನೀರು ಒಸರುತ್ತಿತ್ತು. ಇನ್ನೊಂದರಲ್ಲಿ ಅಂಗಳದ ನೀರು ಬಾಗಿಲ ಕಡೆಗೇ ಹರಿಯುತ್ತಿತ್ತು. ಐದನೆಯದು ಹಳೇ ಹಂಚಿನ ಮನೆ, ಹಿಂದೆ ಬರೆಯೇ ಇಲ್ಲ, ಬಚ್ಚಲಲ್ಲಿ ಸೌದೆ ಒಲೆ, ಅದರ ಮೇಲೆ ಅಟ್ಟ. ಬಾಡಿಗೆ 8,500, ಅಡ್ವಾನ್ಸ್ 60 ಸಾವಿರ. ವಾರದೊಳಗೆ ಸಾಮಾನು ತಂದೆವು. ಲಾರಿಗೆ 19 ಸಾವಿರವೋ 20 ಸಾವಿರವೋ ಆಯಿತು.

ಆ ಅಟ್ಟವೇ ನಮ್ಮನ್ನು ಕಾಪಾಡಿದ್ದು. ಬೂಷ್ಟಿಗೆ ಸಿಲಿಕಾ ಜೆಲ್, ತೇವ ಎಳೆಯುವ ಮಷೀನು ಎಲ್ಲ ಮಾಡಿದ್ದೆ. ಮಷೀನು 11 ಸಾವಿರ, ಕರೆಂಟು ಹೋದರೆ ಕೆಲಸಕ್ಕೆ ಬಾರದು. ಈಗ ಶೂ, ಹಗ್ಗ, ಟೆಂಟು, ಮಗನ ಬ್ಯಾಗು ಎಲ್ಲ ಅಟ್ಟದ ಮೇಲೆ. ಸಂಜೆ ಹಂಡೆಗೆ ಬೆಂಕಿ ಹಾಕಿದರೆ ಸಾಕು, ಬೆಳಗ್ಗೆಗೆ ಗರಿಗರಿ. ಸ್ವಲ್ಪ ಹೊಗೆ ವಾಸನೆ ಬರುತ್ತದೆ, ಅಭ್ಯಾಸವಾಗಿದೆ. ಕ್ಯಾಮೆರಾ ಮಾತ್ರ ರಬ್ಬರ್ ಅಂಚಿನ ಡಬ್ಬಿಯಲ್ಲಿ, ಹುರಿದ ಅಕ್ಕಿಯ ಗಂಟಿನ ಜೊತೆ. ವಾರಕ್ಕೊಮ್ಮೆ ಅಕ್ಕಿ ಬದಲಾಯಿಸಬೇಕು.

ಕರೆಂಟಿಗೆ ಎರಡು ಕಿಲೋವ್ಯಾಟ್ ಅವರ್‌ನ ಲಿಥಿಯಂ ಬ್ಯಾಟರಿ, ಇನ್ವರ್ಟರ್ ಸೇರಿ 50 ಸಾವಿರದ ಮೇಲಾಯಿತು. ಲ್ಯಾಪ್‌ಟಾಪ್, ರೂಟರ್, ಎರಡು ಬಲ್ಬು ಸೇರಿ 60 ವ್ಯಾಟ್. ದಿನಕ್ಕೆ ಎಂಟು ಗಂಟೆ ಹಾಕಿದರೂ ಮೂರು ದಿನ ದಾಟುತ್ತದೆ. ಸೋಲಾರ್ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಬೇಕಾದ ಜುಲೈನಲ್ಲೇ ಅದು ಕೊಡುವುದು ತೀರಾ ಕಮ್ಮಿ, ಆ ದುಡ್ಡು ಉಳಿಸಿ. ನೆಟ್‌ಗೆ ಫೈಬರ್ ಒಂದು, ಬೇರೆ ಬೇರೆ ಕಂಪನಿಯ ಸಿಮ್ ಎರಡು. ಮೂರೂ ಹೋದ ದಿನ ನಾನು ಹೋಗುವ ಒಂದು ಬಂಡೆ ಇದೆ, ಅಲ್ಲಿ ದೂರದ ಟವರಿನ ಸಿಗ್ನಲ್ ಸಿಗುತ್ತದೆ. ಆ ಬಂಡೆ ನನ್ನ ಹತ್ತಿರವೇ ಇರಲಿ. ಇನ್ನೊಂದು, 20ನೇ ತಾರೀಕನ್ನು ನಂಬುವುದನ್ನೇ ಬಿಟ್ಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನಗೆ ಕೊನೇ ದಿನ 14. ಗಿರಾಕಿಗಳು ಮೊದಲು ಗೊಣಗಿದರು, ಈಗ ಬಿಲ್ಲುಗಳು 5ಕ್ಕೇ ಬರುತ್ತವೆ. 29ಕ್ಕೆ ಇಳಿದಿದ್ದ ಅಂಗಡಿಗಳು ಈಗ 34.

ಇಂಬಳದ (ಕಾಡಿನ ಜಿಗಣೆ) ಮೇಲೆ ಒಂದು ಮಳೆಗಾಲ ಪೂರ್ತಿ ಪ್ರಯೋಗ ಮಾಡಿದೆ. ಎಡಗಾಲಿಗೆ ಒಂದು ಮದ್ದು, ಬಲಗಾಲಿಗೆ ಇನ್ನೊಂದು ಹಚ್ಚಿ ಒಂದೇ ದಾರಿಯಲ್ಲಿ ನಡೆದು, ಮನೆಗೆ ಬಂದು ಎಣಿಸುವುದು. ಉಪ್ಪು ಹತ್ತು ನಿಮಿಷಕ್ಕೆ ತೊಳೆದು ಹೋಗುತ್ತದೆ. ಸೋಪು ಒಣಗಿಸಿ ಕಾಲುಚೀಲಕ್ಕೆ ಉಜ್ಜಿದರೆ ಅರ್ಧ ಗಂಟೆ. ಹೊಗೆಸೊಪ್ಪು ನೆನೆಸಿದ ಕೊಬ್ಬರಿ ಎಣ್ಣೆ ಎಲ್ಲಕ್ಕಿಂತ ಮೇಲು. ಅದಕ್ಕೆ ಪಕ್ಕದ ಮನೆ ಅಕ್ಕ ಇನ್ನೊಂದು ಸೇರಿಸುತ್ತಾರೆ, ಅದನ್ನು ಹೇಳಬಾರದು ಅಂತ ಮಾತು ಕೊಟ್ಟಿದ್ದೇನೆ. ಒತ್ತು ನೇಯ್ಗೆಯ ಬಟ್ಟೆಯಲ್ಲಿ ಟೈಲರ್ ಹತ್ತಿರ ಮಂಡಿವರೆಗಿನ ಚೀಲ ಹೊಲಿಸಿದೆ, 150 ರೂಪಾಯಿ. ಎಣ್ಣೆ, ಚೀಲ ಎರಡೂ ಇದ್ದ ದಿನ ಎರಡು ಗಂಟೆಗೆ ಒಂದೇ ಇಂಬಳ ಹತ್ತಿತು.

ಇನ್ನು ಬೆಟ್ಟ. ಪುಷ್ಪಗಿರಿಗೆ ಬೀದಳ್ಳಿ, ಹೆಗ್ಗಡೆಮನೆ ಕಡೆಯಿಂದ ಹತ್ತುವ ದಾರಿ ಇದೆ. ಮಳೆಗಾಲದಲ್ಲಿ ಬಿಡುವುದಿಲ್ಲ, ಬೇಸಿಗೆಯಲ್ಲಿ ಕಾಡಿನ ಬೆಂಕಿಯ ಭಯಕ್ಕೆ ಮುಚ್ಚುತ್ತಾರೆ. ಆ ನಿಯಮ ಮೀರಬೇಡಿ. ಉಳಿದ ನಾಲ್ಕೈದು ತಿಂಗಳು ವಾರದ ನಡುವೆ ಹೋಗಬಹುದು, ಊರು ಬಿಟ್ಟು ಬಂದವರಿಗೆ ಇದೇ ದೊಡ್ಡ ಲಾಭ. ಮಂಗಳವಾರ ಬೆಳಗ್ಗೆ ಕೋಟೆಬೆಟ್ಟದ ನೆತ್ತಿಯಲ್ಲಿ ನಾನೊಬ್ಬನೇ ಇದ್ದದ್ದು ಎಷ್ಟೋ ಸಲ. ಮಧ್ಯಾಹ್ನ ಎರಡಕ್ಕೆ ಮನೆಯಲ್ಲಿ ಕೆಲಸಕ್ಕೆ ಕೂತಿರುತ್ತೇನೆ. ಮಲ್ಲಳ್ಳಿ ಜಲಪಾತದ ಮೆಟ್ಟಿಲುಗಳನ್ನು ಕಾಲಿನ ಅಭ್ಯಾಸಕ್ಕೆ ಇಟ್ಟುಕೊಂಡಿದ್ದೇನೆ, ಇಳಿದು ಹತ್ತುವುದು ಎರಡು ಸುತ್ತು.

ದುಡ್ಡಿನ ವಿಷಯ. ಬೆಂಗಳೂರಿನಲ್ಲಿ ಬಾಡಿಗೆಯೇ 24 ಸಾವಿರ ಇತ್ತು. ಇಲ್ಲಿ ಉಳಿಯುವ 15 ಸಾವಿರದಲ್ಲಿ ಪೆಟ್ರೋಲಿಗೆ 3, ಸೌದೆಗೆ ಮಳೆಗಾಲದಲ್ಲಿ ಒಂದೂವರೆ, ಎರಡು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿಬರಲು 2. ತರಕಾರಿ ಸೋಮವಾರದ ಸಂತೆಯಲ್ಲಿ ಸಲೀಸು. ಮೊದಲ ವರ್ಷ ಬ್ಯಾಟರಿ, ಹಳೇ ನಷ್ಟ ಸೇರಿ ಏನೂ ಉಳಿಯಲಿಲ್ಲ. ಎರಡನೇ ವರ್ಷದಿಂದ ತಿಂಗಳಿಗೆ 8 ಸಾವಿರ ಕೈಯಲ್ಲಿ ನಿಲ್ಲುತ್ತಿದೆ. ದೊಡ್ಡ ಆಸ್ಪತ್ರೆ ಬೇಕಾದರೆ ಮಡಿಕೇರಿ ಅಥವಾ ಮೈಸೂರು, ಅದಕ್ಕೆ ಅಂತ 50 ಸಾವಿರ ಬೇರೆ ಇಟ್ಟಿದ್ದೇನೆ. ಅದನ್ನು ಮುಟ್ಟುವುದಿಲ್ಲ.

ಈಗ ಅಜ್ಜಿ ಪಕ್ಕದ ಐದು ಸೆಂಟು ಜಾಗ ಕೊಡ್ತೀನಿ, ಮನೆ ಕಟ್ಕೋ ಅನ್ನುತ್ತಿದ್ದಾರೆ. ದಾಖಲೆ ನೋಡಿಸಿದೆ, ಸರಿ ಇದೆ. ಬೆಲೆಯೂ ಒಪ್ಪಿಗೆ. ನಾನು ಆ ಜಾಗದ ನಡುವೆ ಒಂದು ಕಂಬ ನೆಟ್ಟು ಮಳೆ ಅಳೆಯುವ ಗೇಜ್ ಕೂರಿಸಿದ್ದೇನೆ. ಬೆಳಗ್ಗೆ ಎಂಟೂವರೆಗೆ ಮಗ ಹೋಗಿ ಓದಿ ಬರುತ್ತಾನೆ, ನಾನು ಪುಸ್ತಕಕ್ಕೆ ಬರೆಯುತ್ತೇನೆ. ಮುಂದಿನ ಸೆಪ್ಟೆಂಬರ್ ಮುಗಿಯಲಿ ಅಜ್ಜಿ, ಆಮೇಲೆ ಅಡ್ವಾನ್ಸ್ ಕೊಡ್ತೀನಿ ಅಂದಿದ್ದೇನೆ. ಈ ಸಲ ಅವರು ಬಿಸಿಲು ಬರ್ಲಿ ಅನ್ನಲಿಲ್ಲ.