ಪೆಟ್ಟಿಗೆಯ ಮೇಲೊಂದು ಹೆಸರು, ಜೇಬಿನೊಳಗೊಂದು ಹೆಸರು

ಇಂಗ್ಲೆಂಡಿನಲ್ಲಿ ಹಳೆಯ ಬಟ್ಟೆಗಳನ್ನು ಸರಿಪಡಿಸುವುದು ನನ್ನ ಕೆಲಸ. ಕಳೆದ ವರ್ಷ ಒಂದು ಹರಾಜಿನಲ್ಲಿ ಬ್ರಿಟಿಷ್ ಆಸ್ಥಾನದ ಕೋಟು ಸಿಕ್ಕಿತು. ಕಡುನೀಲಿ ಉಣ್ಣೆ, ಕಪ್ಪು ವೆಲ್ವೆಟ್ ಕಾಲರ್, ತೋಳಿನ ತುದಿಪಟ್ಟಿಯ ಮೇಲೆ ಚಿನ್ನದ ತಂತಿಯಲ್ಲಿ ಓಕ್ ಎಲೆಗಳ ಕಸೂತಿ. ಜೊತೆಗೆ ಮೊಣಕಾಲವರೆಗಿನ ಬಿಳಿ ಚಲ್ಲಣ, ಕತ್ತಿ, ಗರಿ ಹಚ್ಚಿದ ಟೋಪಿ. ಎಲ್ಲವೂ ಒಂದು ಕಪ್ಪು ತಗಡಿನ ಪೆಟ್ಟಿಗೆಯಲ್ಲಿದ್ದವು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಒಬ್ಬರ ಹೆಸರು.

ಕೋಟು ಅವರದೇ ಅಂದುಕೊಂಡೆ. ಎರಡು ತಿಂಗಳು ಆ ಹೆಸರಿನ ಹಿಂದೆಯೇ ಓಡಾಡಿದೆ. ಅವರ ಮನೆಯವರಿಗೆ ಕಾಗದವನ್ನೂ ಬರೆದೆ. ಆಮೇಲೆ ಗೊತ್ತಾಯಿತು, ಅವರು ಸೈನ್ಯದಲ್ಲಿದ್ದವರು. ಸೈನ್ಯದ ಅಧಿಕಾರಿ ಆಸ್ಥಾನಕ್ಕೆ ಹೋಗುತ್ತಿದ್ದದ್ದು ತನ್ನ ಪಡೆಯ ಸಮವಸ್ತ್ರದಲ್ಲಿ. ಓಕ್ ಎಲೆಯ ಕೋಟು ಸರ್ಕಾರಿ ಅಧಿಕಾರಿಗಳದು, ರಾಯಭಾರ ಕಚೇರಿಯವರದು. ನಾನು ಮೊದಲು ಕೋಟನ್ನೇ ಓದಬೇಕಿತ್ತು.

ಸರಿ, ಟೇಪು ಹಿಡಿದು ಕೂತೆ. ಈ ಕೋಟುಗಳಲ್ಲಿ ಕಸೂತಿಯ ಅಗಲವೇ ಹುದ್ದೆಯ ದರ್ಜೆ ಹೇಳುತ್ತದೆ. ಮೊದಲ ದರ್ಜೆಗೆ 5 ಇಂಚು, ಎರಡನೆಯದಕ್ಕೆ 4, ಮೂರನೆಯದಕ್ಕೆ 3. ನನ್ನದು ಸರಿಯಾಗಿ 3 ಇಂಚು. ಬಿಳಿ ಚಲ್ಲಣ ಇದ್ದದ್ದರಿಂದ ಇದು ದೊಡ್ಡ ಸಮಾರಂಭಗಳ ಪೂರ್ಣ ಉಡುಪು. ರಾಜನ ಹಗಲಿನ 'ಲೆವೀ' ಭೇಟಿಗಾದರೆ ಚಿನ್ನದ ಪಟ್ಟಿಯ ಉದ್ದ ಪ್ಯಾಂಟು ಸಾಕಿತ್ತು.

ಎದೆಯ ಒಳಜೇಬಿನಲ್ಲಿ ಟೈಲರ್ ಅಂಗಡಿಯ ಪಟ್ಟಿ ಇತ್ತು. ಅದರ ಮೇಲೆ ಗಿರಾಕಿಯ ಹೆಸರು, ತಾರೀಖು ಬರೆಯುವುದು ಅಲ್ಲಿನ ಟೈಲರ್‌ಗಳ ರೂಢಿ. ಶಾಯಿ ಪೂರ್ತಿ ಮಾಸಿತ್ತು. ಕೋಣೆ ಕತ್ತಲು ಮಾಡಿ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಹಿಡಿದೆ. ಕಬ್ಬಿಣದ ಅಂಶವಿರುವ ಹಳೆಯ ಶಾಯಿ ಆ ಬೆಳಕಿನಲ್ಲಿ ಕಪ್ಪಾಗಿ ಎದ್ದು ಕಾಣುತ್ತದೆ. ಬೇರೆಯೇ ಹೆಸರು! ಪಕ್ಕದಲ್ಲಿ 1910.

ಆಗ ಬ್ರಿಟನ್ನಿನ ವಿದೇಶಾಂಗ ನೌಕರರ ಪಟ್ಟಿ ವರ್ಷವರ್ಷ ಪುಸ್ತಕವಾಗಿ ಬರುತ್ತಿತ್ತು. ಯಾರು ಯಾವ ಊರಿನಲ್ಲಿ, ಯಾವ ಹುದ್ದೆಯಲ್ಲಿ ಎಂಬುದೆಲ್ಲ ಅದರಲ್ಲಿದೆ. ಗ್ರಂಥಾಲಯದಲ್ಲಿ ಪುಟ ತಿರುವಿದಾಗ ಜೇಬಿನ ಹೆಸರು ಸಿಕ್ಕಿತು, ಹುದ್ದೆಯೂ ದರ್ಜೆಗೆ ಹೊಂದಿತು. ಅಷ್ಟರಲ್ಲಿ ನನ್ನ ಕಾಗದಕ್ಕೆ ಉತ್ತರ ಬಂತು. ಪೆಟ್ಟಿಗೆಯ ಮೇಲೆ ಹೆಸರಿದ್ದವರು ಜೇಬಿನ ಹೆಸರಿನವರ ಅಳಿಯ! ಮಾವನ ಕೋಟನ್ನು ತಮ್ಮ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದರು. ಮನೆಯವರು ಬೇಡ ಅಂದಿದ್ದರಿಂದ ಹೆಸರುಗಳನ್ನು ಇಲ್ಲಿ ಬರೆಯುತ್ತಿಲ್ಲ.

ಆದರೆ ಆ ಮಾವ ನನಗೆ ಹತ್ತಿರವಾದದ್ದು ಹೊಲಿಗೆಯಿಂದ. ಬೆನ್ನಿನ ಹೊಲಿಗೆಯನ್ನು ಎರಡು ಸಲ ಬಿಚ್ಚಿ ಅಗಲ ಮಾಡಿದ್ದಾರೆ. ಹಳೆಯ ಸೂಜಿ ತೂತುಗಳ ಸಾಲು ಹಾಗೇ ಇದೆ. ಒಳಗೆ ಮಡಚಿದ್ದ ಬಟ್ಟೆ ಬಿಸಿಲು ಕಾಣದೆ ಇನ್ನೂ ಕಡುನೀಲಿಯಾಗಿದೆ. ಎಡಸೊಂಟದ ಹತ್ತಿರ ಕತ್ತಿಯ ಹಿಡಿ ಉಜ್ಜಿ ಉಣ್ಣೆ ಸವೆದಿದೆ. ಒಂದೆರಡು ಸಲ ಹಾಕಿ ಎತ್ತಿಟ್ಟ ಕೋಟಲ್ಲ ಇದು, ಅಲ್ವಾ? ಸಣಕಲು ಮೈಯಲ್ಲಿ ಹೊಲಿಸಿಕೊಂಡು, ಮೈ ತುಂಬಿಕೊಂಡ ಮೇಲೂ ಬಿಡದೆ ತೊಟ್ಟಿದ್ದಾರೆ.

ಚಿನ್ನದ ಕೆಲಸಕ್ಕೆ ನಾನು ಪಾಲಿಶ್ ಮುಟ್ಟಿಸಲಿಲ್ಲ. ನಮ್ಮ ಜರ್ದೋಸಿಯವರ ದಬ್ಕದ ಹಾಗೆ ಇದೂ ಸುರುಳಿ ತಂತಿ. ಬೆಳ್ಳಿಯ ಮೇಲೆ ತೆಳುವಾದ ಚಿನ್ನದ ಲೇಪ ಅಷ್ಟೇ, ಉಜ್ಜಿದರೆ ಚಿನ್ನ ಹೋಗುತ್ತದೆ. ಮೆತ್ತನೆ ಬ್ರಷ್‌ನಿಂದ ಧೂಳು ತೆಗೆದೆ. ನುಸಿ ಹುಳು ಸಾಯಲೆಂದು ಗಾಳಿಯಾಡದಂತೆ ಸುತ್ತಿ, -18 ಡಿಗ್ರಿ ಫ್ರೀಜರ್‌ನಲ್ಲಿ ಎರಡು ವಾರ ಇಟ್ಟೆ. ನುಸಿ ಗುಳಿಗೆ ಮಾತ್ರ ಹಾಕಲಿಲ್ಲ.

ಪೆಟ್ಟಿಗೆಯ ಮೇಲಿನ ಹೆಸರನ್ನು ಅಳಿಸಿಲ್ಲ. ಒಳಗೆ ಒಂದು ಚೀಟಿ ಇಟ್ಟಿದ್ದೇನೆ. ಅದರಲ್ಲಿ ಮಾವನ ಹೆಸರು ಮೇಲೆ, ಅಳಿಯನ ಹೆಸರು ಕೆಳಗೆ.