ಬೈಕ್‌ನಲ್ಲಿ ಪೆಟ್ರೋಲ್ ಸೋರಿಕೆ: ಮೊದಲು ಜಾಗ ಹುಡುಕಿ

ಬೈಕ್ ನಿಲ್ಲಿಸಿದ ಜಾಗದಲ್ಲಿ ಪೆಟ್ರೋಲ್ ವಾಸನೆ ಜಾಸ್ತಿ ಇದ್ದರೆ, ಎಂಜಿನ್ ಮೇಲೆ ಒದ್ದೆ ಕಂಡರೆ ಸ್ಟಾರ್ಟ್ ಮಾಡಲು ಹೋಗಬೇಡಿ. ಟ್ಯಾಂಕ್ ಕೆಳಗಿರುವ, ಪೆಟ್ರೋಲ್ ಬಿಡುವ-ನಿಲ್ಲಿಸುವ ಕಾಕ್ ಆಫ್ ಮಾಡಿ. ಎಂಜಿನ್ ಬಿಸಿ ಇದ್ದರೆ ಪೂರ್ತಿ ಆರಲಿ. ಬಯಲಿಗೆ ತಳ್ಳಿಕೊಂಡು ಬನ್ನಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಡಿ ನಿಲ್ಲುತ್ತದೆ. ಹತ್ತಿರದಲ್ಲಿ ಬೀಡಿ, ದೀಪ, ಒಲೆ ಯಾವುದೂ ಬೇಡ. ಒಂದು ಬಕೆಟ್ ಮರಳು ಪಕ್ಕದಲ್ಲಿರಲಿ.

ಇಲ್ಲಿ ಹೇಳುತ್ತಿರುವುದು ಕಾರ್ಬುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಇರುವ ಬೈಕ್‌ಗಳಿಗೆ ಮಾತ್ರ. 2020ರ ಏಪ್ರಿಲ್‌ನಲ್ಲಿ ಹೊಗೆ ಮಾಲಿನ್ಯದ ಬಿಎಸ್-6 ನಿಯಮ ಬಂದ ಮೇಲಿನ ಬಹುತೇಕ ಬೈಕ್‌ಗಳಲ್ಲಿ ಕಾರ್ಬುರೇಟರ್ ಬದಲು ಫ್ಯೂಯೆಲ್ ಇಂಜೆಕ್ಷನ್ ಇರುತ್ತದೆ. ಅದರ ಪೈಪ್‌ನಲ್ಲಿ ಪೆಟ್ರೋಲ್ ಒತ್ತಡದಲ್ಲಿ ಹರಿಯುತ್ತದೆ. ನಿಮ್ಮದು ಅಂಥ ಬೈಕ್ ಆದರೆ ಸುಮ್ನೆ ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ.

ಎಲ್ಲವನ್ನೂ ಒಣ ಬಟ್ಟೆಯಲ್ಲಿ ಒರೆಸಿ, ಕಾಕ್ ಆನ್ ಮಾಡಿ, ಮೇಲಿನಿಂದ ಕೆಳಗೆ ನೋಡುತ್ತಾ ಬನ್ನಿ. ಹನಿ ಬೀಳುವ ಜಾಗವೇ ಸೋರುವ ಜಾಗ ಎಂದುಕೊಳ್ಳಬೇಡಿ. ಪೆಟ್ರೋಲ್ ಪೈಪ್ ಗುಂಟ ಇಳಿದು ಎಲ್ಲೋ ತೊಟ್ಟಿಕ್ಕುತ್ತದೆ. ಮೊದಲು ಒದ್ದೆಯಾಗುವುದು ಎಲ್ಲಿ, ಅದು ಮುಖ್ಯ.

ಪೈಪ್ ತುದಿ ಒದ್ದೆಯಾದರೆ ಕೆಲಸ ಸುಲಭ. ರಬ್ಬರ್ ಪೈಪ್ ಬಿಸಿಲು, ಶಾಖಕ್ಕೆ ಗಟ್ಟಿಯಾಗಿ ತುದಿಯಲ್ಲೇ ಬಿರಿಯುತ್ತದೆ. ಈಗಿನ ಪೆಟ್ರೋಲ್‌ನಲ್ಲಿರುವ ಎಥೆನಾಲ್ ಕೂಡ ಹಳೇ ರಬ್ಬರ್‌ಗೆ ಒಳ್ಳೆಯದಲ್ಲ. ಕಾಕ್ ಆಫ್ ಮಾಡಿ ಹಳೇ ಪೈಪ್ ಕಿತ್ತು, ಅದನ್ನೇ ಅಂಗಡಿಗೆ ಒಯ್ದು ಅದೇ ಅಳತೆಯ ಪೆಟ್ರೋಲ್ ಪೈಪ್ ತನ್ನಿ. ನೀರಿನ ಪೈಪ್ ತುಂಡು ಹಾಕಬೇಡಿ. ಕ್ಲಿಪ್‌ಗಳನ್ನೂ ಹೊಸದಾಗಿಯೇ ಹಾಕಿ.

ಕಾರ್ಬುರೇಟರ್ ಕೆಳಗಿನ ಓವರ್‌ಫ್ಲೋ ಪೈಪ್‌ನಿಂದ ಸುರಿಯುತ್ತಿದ್ದರೆ, ಮೊದಲು ಕಾರ್ಬುರೇಟರ್ ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಿನ ಡ್ರೈನ್ ಸ್ಕ್ರೂ ಸಡಿಲವಾಗಿದೆಯೇ ನೋಡಿ. ಅದು ಸರಿ ಇದ್ದರೆ ತಪ್ಪು ಒಳಗಿದೆ. ಬಟ್ಟಲು ತುಂಬಿದಾಗ ಅದರೊಳಗೆ ತೇಲುವ ಫ್ಲೋಟ್ ಮೇಲೆದ್ದು, ನೀಡಲ್ ಎಂಬ ಸಣ್ಣ ಮೊಳೆಯಂಥ ಭಾಗ ಪೆಟ್ರೋಲ್ ಬರುವ ದಾರಿ ಮುಚ್ಚಬೇಕು. ನಮ್ಮ ಮನೆಯ ನೀರಿನ ಟ್ಯಾಂಕಿನ ಬಾಲ್ ವಾಲ್ವ್ ಥರವೇ. ನೀಡಲ್ ತುದಿಗೆ ಕಸ ಸಿಕ್ಕಿಕೊಂಡರೆ ಪೆಟ್ರೋಲ್ ನಿಲ್ಲುವುದೇ ಇಲ್ಲ. ಸ್ಕ್ರೂಡ್ರೈವರ್ ಹಿಡಿಯಿಂದ ಬಟ್ಟಲಿಗೆ ಮೆಲ್ಲಗೆ ತಟ್ಟಿ ನೋಡಿ. ನಿಲ್ಲದಿದ್ದರೆ ಓವರ್‌ಫ್ಲೋ ಪೈಪ್ ಕೆಳಗೆ ಡಬ್ಬಿ ಇಟ್ಟು, ಡ್ರೈನ್ ಸ್ಕ್ರೂ ಬಿಚ್ಚಿ, ಕೆಲವು ಸೆಕೆಂಡ್ ಪೆಟ್ರೋಲ್ ಹರಿಯಲು ಬಿಡಿ. ಎಷ್ಟೋ ಸಲ ಕಸ ಇಷ್ಟಕ್ಕೇ ಹೊರಬರುತ್ತದೆ. ಆಗಲೂ ಸೋರಿದರೆ ಬಟ್ಟಲು ಬಿಚ್ಚಬೇಕು. ನೀಡಲ್ ತುದಿಯಲ್ಲಿ ಸವೆದ ಗೆರೆ ಕಂಡರೆ ಹೊಸದು ಹಾಕಿ, ಬಟ್ಟಲಿನ ಅಂಚಿನ ಗ್ಯಾಸ್ಕೆಟ್ (ಸೋರದಂತೆ ತಡೆಯುವ ಪಟ್ಟಿ) ಕೂಡ ಬದಲಿಸಿ. ಫ್ಲೋಟ್‌ನ ಪಿನ್ ತೀರಾ ಸಣ್ಣದು. ಕೆಳಗೆ ಬಟ್ಟೆ ಹಾಸಿಕೊಳ್ಳಿ, ಅದು ಬಿದ್ದರೆ ಹುಡುಕುವುದೇ ಒಂದು ಕೆಲಸ.

ಇಂಥ ಸೋರಿಕೆಯಾದಾಗ ಎಂಜಿನ್ ಆಯಿಲ್ ಕಡ್ಡಿಯನ್ನೂ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಅದು ಒಳಗೂ ಇಳಿದಿದೆ ಎಂದರ್ಥ. ಆಯಿಲ್ ಬದಲಿಸದೆ ಬೈಕ್ ಓಡಿಸಬೇಡಿ.

ಕಾಕ್ ಟ್ಯಾಂಕಿಗೆ ಸೇರುವಲ್ಲಿ ಸೋರಿದರೆ ಟ್ಯಾಂಕ್ ಖಾಲಿ ಮಾಡಿ ವಾಷರ್ ಬದಲಿಸಿದರೆ ಆಯಿತು. ಟ್ಯಾಂಕೇ ತುಕ್ಕು ಹಿಡಿದು ತೂತಾಗಿದ್ದರೆ ಎಂ-ಸೀಲ್ ಮೆತ್ತಿ ಸುಮ್ಮನಾಗುವವರೇ ಜಾಸ್ತಿ. ಅದು ಅವತ್ತಿನ ಮಟ್ಟಿಗೆ ಸರಿ, ಆದರೆ ಒಳಗಿನ ತುಕ್ಕು ನಿಲ್ಲುವುದಿಲ್ಲ. ಹಾಗಂತ ಪರಿಚಯದ ವೆಲ್ಡಿಂಗ್ ಅಂಗಡಿಯಲ್ಲಿ ಬೆಸುಗೆ ಹಾಕಿಸಲು ಆತುರಪಡಬೇಡಿ. ಖಾಲಿ ಟ್ಯಾಂಕಿನೊಳಗೂ ಆವಿ ಇರುತ್ತದೆ, ಕಿಡಿ ತಾಗಿದರೆ ಸಿಡಿಯುತ್ತದೆ. ಟ್ಯಾಂಕ್ ತೊಳೆದು ಆವಿ ಪೂರ್ತಿ ತೆಗೆಯುವುದು ಗೊತ್ತಿದ್ದವರಿಗೇ ಆ ಕೆಲಸ ಕೊಡಿ.